ಕೈ ದೊಡ್ಡದು, ಅಂಚು ಸಣ್ಣದು

ಡಿಸ್ಕ್ ಗಾಲ್ಫ್ ಆಡುವವರಲ್ಲಿ ಸಣ್ಣ ಕೈಯವರ ಕಷ್ಟ ಹಿಡಿದ ಕೂಡಲೇ ಗೊತ್ತಾಗುತ್ತದೆ. ಅಗಲ ಅಂಚಿನ ಡಿಸ್ಕ್ ಕೊಟ್ಟರೆ ಬೆರಳು ಅಂಚಿನ ಆಚೆ ತಲುಪುವುದೇ ಇಲ್ಲ. ಇದು ನನಗಲ್ಲ ಎಂದು ಅವರು ಅದನ್ನು ಅಲ್ಲೇ ಕೆಳಗಿಡುತ್ತಾರೆ. ದೊಡ್ಡ ಕೈಯವರ ಕಷ್ಟ ಹೀಗೆ ಎದುರಿಗೆ ಬಂದು ನಿಲ್ಲುವುದಿಲ್ಲ. ಅವರ ಬೆರಳು ಯಾವ ಡಿಸ್ಕನ್ನಾದರೂ ಸುತ್ತಿಕೊಳ್ಳುತ್ತದೆ, ಹಿಡಿದಾಗ ಎಲ್ಲ ಸರಿಯಿದೆ ಅನ್ನಿಸುತ್ತದೆ. ಎಸೆದಾಗ ಮಾತ್ರ ಡಿಸ್ಕ್ ತೊನೆದಾಡುತ್ತ ಹೋಗಿ ಗುರಿಯಿಂದ ಆಚೆಗೋ ಈಚೆಗೋ ಬೀಳುತ್ತದೆ. ತೋಳು ಸರಿಯಿಲ್ಲ, ಹೆಜ್ಜೆ ಸರಿಯಿಲ್ಲ, ಸೊಂಟ ತಿರುಗುತ್ತಿಲ್ಲ ಎಂದುಕೊಂಡು ವರ್ಷಗಟ್ಟಲೆ ಮೈಯನ್ನು ತಿದ್ದಿಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಇರುವುದು ಕೈಯಲ್ಲೇ: ಒಂದೂವರೆ ಸೆಂಟಿಮೀಟರಿನಷ್ಟು ಅಂಚಿನೊಳಗೆ ಒಂಬತ್ತು ಸೆಂಟಿಮೀಟರ್ ಬೆರಳನ್ನು ಮಡಚಿ ತುರುಕಿದ್ದರಲ್ಲಿ.

ಈ ಇಕ್ಕಟ್ಟು ಹೆಚ್ಚು ಕಾಡುವುದು ಫೇರ್‌ವೇ ಡ್ರೈವರ್‌ಗಳಲ್ಲಿ. ಡಿಸ್ಕ್‌ಗಳಲ್ಲಿ ಬಗೆಗಳಿವೆ: ಹತ್ತಿರದಿಂದ ಗುರಿಯ ಬುಟ್ಟಿಗೆ ಹಾಕಲು ಪಟರ್, ಮಧ್ಯಮ ದೂರಕ್ಕೆ ಮಿಡ್‌ರೇಂಜ್, ಬಲವಿದ್ದಷ್ಟು ದೂರ ಬೀಸಲು ಡಿಸ್ಟೆನ್ಸ್ ಡ್ರೈವರ್. ಮಿಡ್‌ರೇಂಜಿಗೂ ಡಿಸ್ಟೆನ್ಸ್ ಡ್ರೈವರಿಗೂ ನಡುವಿನದು ಫೇರ್‌ವೇ ಡ್ರೈವರ್. ದೂರವೂ ಬೇಕು, ಹೇಳಿದ ದಾರಿಯಲ್ಲೂ ಹೋಗಬೇಕು ಎಂಬಾಗ ಚೀಲದಿಂದ ಹೊರಬರುವುದು ಇದೇ. 90 ಮೀಟರ್ ದಾಟಿಸಲಾಗದ ಹವ್ಯಾಸಿಗಳಿಗೆ ಇದಕ್ಕಿಂತ ವೇಗದ ಡಿಸ್ಕ್ ಬೇಡ ಎನ್ನುವುದು ಅನುಭವಸ್ಥರ ಸಾಮಾನ್ಯ ಬುದ್ಧಿಮಾತು. ಹೀಗಾಗಿ ಕಲಿಯುವ ಕಾಲದಲ್ಲಿ ಯಾವ ಡಿಸ್ಕಿನ ಜೊತೆ ಹೆಚ್ಚು ಒಡನಾಟ ಬೇಕೋ ಅದೇ ಡಿಸ್ಕ್ ದೊಡ್ಡ ಕೈಗೆ ಒಗ್ಗದೆ ಕೂರುತ್ತದೆ.

ಫ್ರಿಸ್ಬಿಯಿಂದ ಗಾಲ್ಫ್ ಡಿಸ್ಕಿಗೆ

ಆಟ ಸರಳ. ಗಾಲ್ಫಿನಂತೆ ಸಾಮಾನ್ಯವಾಗಿ ಹದಿನೆಂಟು ಹೋಲ್‌ಗಳು. ಕೋಲು, ಚೆಂಡುಗಳ ಬದಲು ಪ್ಲಾಸ್ಟಿಕ್ ಡಿಸ್ಕ್. ಕುಳಿಯ ಬದಲು ಕಂಬಕ್ಕೆ ಸರಪಳಿಗಳನ್ನು ತೂಗುಬಿಟ್ಟ ಲೋಹದ ಬುಟ್ಟಿ. ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಅಮೆರಿಕದಲ್ಲಿ ಎಷ್ಟೋ ಕೋರ್ಸ್‌ಗಳು ಸಾರ್ವಜನಿಕ ಪಾರ್ಕುಗಳಲ್ಲಿವೆ, ಆಡಲು ಶುಲ್ಕವೂ ಇರುವುದಿಲ್ಲ.

ಕ್ಯಾಲಿಫೋರ್ನಿಯಾದ ಲಾ ಕನ್ಯಾಡ ಫ್ಲಿಂಟ್‌ರಿಜ್‌ನ ಓಕ್ ಗ್ರೋವ್ ಪಾರ್ಕಿನಲ್ಲಿ 1975ರಲ್ಲಿ ಮೊದಲ ಶಾಶ್ವತ ಕೋರ್ಸ್ ಎಂದು ಹೆಸರಾದುದನ್ನು ರೂಪಿಸಿದವರು ಎಡ್ ಹೆಡ್ರಿಕ್. ವ್ಯಾಮ್-ಓ ಕಂಪನಿಯಲ್ಲಿದ್ದಾಗ ಫ್ರಿಸ್ಬಿಯ ಮೈಮೇಲೆ ಗೆರೆಗಳನ್ನು ಮೂಡಿಸಿ ಅದರ ಹಾರಾಟವನ್ನು ಸ್ಥಿರಗೊಳಿಸಿದ್ದೂ ಇವರೇ. ಅದಕ್ಕೆ 1967ರಲ್ಲಿ ಪೇಟೆಂಟ್ ಸಿಕ್ಕಿತು. 1976ರಲ್ಲಿ ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್, ಅಂದರೆ ಇಂದಿನ ಪಿಡಿಜಿಎ ಕಟ್ಟಿದರು. 2002ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಆಸೆಯಂತೆಯೇ, ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಡಿಸ್ಕ್‌ಗಳನ್ನು ಅಚ್ಚು ಹಾಕಲಾಯಿತು.

ಹೆಡ್ರಿಕ್ ಕಾಲದ ಆಟಗಾರರ ಕೈಯಲ್ಲಿದ್ದುದು ಫ್ರಿಸ್ಬಿಯ ಬಳಗದ ಡಿಸ್ಕ್‌ಗಳು: ಅಗಲವಾದ ಮೈ, ಆಳವಾದ ಅಂಚು, ದುಂಡನೆಯ ಮೂಗು. 1983ರಲ್ಲಿ ಇನ್ನೋವಾ ಕಂಪನಿಯ ಡೇವ್ ಡನಿಪೇಸ್ ಅಂಚನ್ನು ಇಳಿಜಾರಾಗಿ ಚೂಪು ಮಾಡಿದ ಈಗಲ್ ಎಂಬ ಡಿಸ್ಕ್ ತಂದರು. ಗಾಳಿಯನ್ನು ಸೀಳಿಕೊಂಡು ಹೋಗುವ ಈ ಆಕಾರದಿಂದ ಆಟದ ಚಹರೆಯೇ ಬದಲಾಯಿತು. ಆಮೇಲಿನ ನಾಲ್ಕು ದಶಕಗಳ ದಾರಿ ಒಂದೇ ದಿಕ್ಕಿನದು: ಡಿಸ್ಕ್ ಕಿರಿದಾಯಿತು, ತೆಳ್ಳಗಾಯಿತು, ತೂಕವೆಲ್ಲ ಅಂಚಿಗೆ ಸರಿಯಿತು, ಅಂಚಿನ ಒಳಗೋಡೆ ಗಿಡ್ಡವಾಯಿತು.

ಬೆಂಗಳೂರಿನ ಮೈದಾನಗಳಲ್ಲಿ ಅಲ್ಟಿಮೇಟ್ ಫ್ರಿಸ್ಬಿ ಆಡುವವರಿಗೆ ಈ ಬದಲಾವಣೆಯನ್ನು ವಿವರಿಸಿ ಹೇಳಬೇಕಿಲ್ಲ. ಅವರು ಎಸೆಯುವ ಡಿಸ್ಕಿನ ತೂಕ 175 ಗ್ರಾಂ, ವ್ಯಾಸ ಸುಮಾರು 27 ಸೆಂಟಿಮೀಟರ್. ಗಾಲ್ಫ್ ಡ್ರೈವರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, ವ್ಯಾಸ ಮಾತ್ರ 21 ಸೆಂಟಿಮೀಟರ್ ಚಿಲ್ಲರೆ. ಅಲ್ಟಿಮೇಟ್ ಡಿಸ್ಕಿನ ಆಳದಲ್ಲಿ ಎಂಥ ದಪ್ಪ ಬೆರಳಿಗೂ ಜಾಗವಿದೆ. ಅದೇ ಕೈ ಗಾಲ್ಫ್ ಡಿಸ್ಕನ್ನು ಹಿಡಿದಾಗ ಬೆರಳಿನ ಅರ್ಧ ಹೊರಗೇ ಉಳಿಯುತ್ತದೆ.

ಅಂಕಿ ನಾಲ್ಕು, ಕೈಯದು ಒಂದೂ ಇಲ್ಲ

ಡಿಸ್ಕ್ ಕೊಳ್ಳಲು ಹೋದವರು ಮೊದಲು ನೋಡುವುದು ಅದರ ಮೇಲೆ ಒತ್ತಿರುವ ನಾಲ್ಕು ಅಂಕಿಗಳನ್ನು. ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಇನ್ನೋವಾದ ಟೀಬರ್ಡ್ ಮೇಲೆ 7, 5, 0, 2 ಎಂದಿರುತ್ತದೆ. ಮೊದಲನೆಯದು ಡಿಸ್ಕ್ ತನ್ನ ಗುಣ ತೋರಿಸಲು ಎಷ್ಟು ವೇಗ ಬೇಡುತ್ತದೆ ಎಂಬುದು. ಎರಡನೆಯದು ಗಾಳಿಯಲ್ಲಿ ಎಷ್ಟು ಹೊತ್ತು ತೇಲುತ್ತದೆ ಎಂಬುದು. ಕೊನೆಯ ಎರಡು ದಾರಿ ಬಾಗುವ ಲೆಕ್ಕ.

ಬಲಗೈಯವರು ಬ್ಯಾಕ್‌ಹ್ಯಾಂಡಿನಲ್ಲಿ, ಅಂದರೆ ತೋಳನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸಿ, ಎಸೆದ ಡಿಸ್ಕ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಹೊರಟ ಹೊಸತರಲ್ಲಿ ವೇಗ ಹೆಚ್ಚು. ಗಾಳಿ ಎತ್ತುವ ಬಲ ಆಗ ಡಿಸ್ಕಿನ ನಡುವಿಗಿಂತ ಹಿಂದಕ್ಕೆ ಬಿದ್ದರೆ ಮೂಗು ಬಗ್ಗಬೇಕು. ಆದರೆ ಗಿರಗಿರನೆ ತಿರುಗುವ ವಸ್ತು ತಳ್ಳಿದ ಕಡೆಗೆ ವಾಲದೆ ಅದರ ಪಕ್ಕಕ್ಕೆ ವಾಲುತ್ತದೆ. ಹಾಗಾಗಿ ಡಿಸ್ಕ್ ಬಲಕ್ಕೆ ತಿರುಗುತ್ತದೆ, ಇದೇ ಟರ್ನ್. ವೇಗ ಇಳಿದ ಮೇಲೆ ಅದೇ ಬಲ ಮುಂದಕ್ಕೆ ಸರಿದು ಮೂಗನ್ನು ಎತ್ತಲು ನೋಡುತ್ತದೆ, ಡಿಸ್ಕ್ ಎಡಕ್ಕೆ ವಾಲಿ ಇಳಿಯುತ್ತದೆ, ಅದು ಫೇಡ್. ಟರ್ನ್ ಅಂಕಿ ಸೊನ್ನೆಗಿಂತ ಕೆಳಗಿಳಿದಷ್ಟೂ ಬಲಕ್ಕೆ ಒಲವು ಹೆಚ್ಚು, ಫೇಡ್ ಅಂಕಿ ಏರಿದಷ್ಟೂ ಕೊನೆಯಲ್ಲಿ ಎಡಕ್ಕೆ ಜಗ್ಗುವುದು ಹೆಚ್ಚು.

ಈ ಲೆಕ್ಕವೆಲ್ಲ ನಿಂತಿರುವುದು ಒಂದೇ ಷರತ್ತಿನ ಮೇಲೆ: ಡಿಸ್ಕ್ ತೊನೆಯದೆ, ಸಾಕಷ್ಟು ತಿರುಗುತ್ತ ಕೈಬಿಡಬೇಕು. ತಿರುಗುವಿಕೆ ಹುಟ್ಟುವುದು ಕೊನೆಯ ಕ್ಷಣದಲ್ಲಿ, ಬಿಗಿಯಾಗಿ ಹಿಡಿದ ಬೆರಳುಗಳಿಂದ ಅಂಚು ಕಿತ್ತುಕೊಂಡು ಹೊರಡುವಾಗ. ಬೆರಳ ಹಿಡಿತವೇ ಸಡಿಲವಾದರೆ ಟೀಬರ್ಡ್ ಮೇಲಿನ 7, 5, 0, 2ಕ್ಕೂ ಅದು ಹೋದ ದಾರಿಗೂ ಸಂಬಂಧ ತಪ್ಪುತ್ತದೆ. ಹಿಡಿತದ ಬಗ್ಗೆ ಹೇಳುವ ಅಂಕಿಯೇ ಆ ನಾಲ್ಕರಲ್ಲಿ ಇಲ್ಲ.

ಅಂಚಿನ ಅಳತೆ

ಹಿಡಿತದ ಬಗ್ಗೆ ಹೇಳುವ ಅಳತೆಗಳು ಮುಖ್ಯವಾಗಿ ಎರಡು. ಒಂದು ಅಂಚಿನ ಅಗಲ, ಅಂದರೆ ಹೊರಮೂಗಿನಿಂದ ಒಳಗೋಡೆಯವರೆಗಿನ ದೂರ. ಇನ್ನೊಂದು ಅಂಚಿನ ಆಳ, ಅಂದರೆ ಕೆಳತುದಿಯಿಂದ ಮೇಲಿನ ಹಾಳೆಯ ತಳದವರೆಗಿನ ಎತ್ತರ. ಆ ಹಾಳೆಯನ್ನು ಆಟಗಾರರು ಫ್ಲೈಟ್ ಪ್ಲೇಟ್ ಎನ್ನುತ್ತಾರೆ.

ಎರಡಕ್ಕೂ ಪಿಡಿಜಿಎ ಕಟ್ಟುಪಾಡು ಹಾಕಿದೆ. ಡಿಸ್ಕಿನ ವ್ಯಾಸ 21 ಸೆಂಟಿಮೀಟರಿಗಿಂತ ಕಡಿಮೆ ಇರಕೂಡದು. ಅಂಚಿನ ಅಗಲ 2.6 ಸೆಂಟಿಮೀಟರ್ ಮೀರಕೂಡದು. ಅಂಚಿನ ಆಳ ವ್ಯಾಸದ ಶೇ 5ರಿಂದ ಶೇ 12ರೊಳಗೆ ಇರಬೇಕು. ಶೇ 5 ಎಂದರೆ 21 ಸೆಂಟಿಮೀಟರ್ ಡಿಸ್ಕಿಗೆ 1.05 ಸೆಂಟಿಮೀಟರ್. ಡ್ರೈವರುಗಳು ಈ ಕೆಳಮಿತಿಯ ಹತ್ತಿರವೇ ಸುಳಿದಾಡುತ್ತವೆ. ಹೆಚ್ಚಿನವುಗಳ ಆಳ 1.1–1.2 ಸೆಂಟಿಮೀಟರ್ ಆಸುಪಾಸು.

ಅಗಲದ ವಿಷಯದಲ್ಲಿ ಸ್ಪೀಡ್ ಅಂಕಿಯೂ ಅಂಚೂ ಜೊತೆಜೊತೆಗೆ ಏರುತ್ತವೆ. ಪಟರ್‌ಗಳ ಅಂಚು ಸುಮಾರು ಒಂದು ಸೆಂಟಿಮೀಟರ್. 12, 13ರ ಸ್ಪೀಡಿನ ಡಿಸ್ಟೆನ್ಸ್ ಡ್ರೈವರುಗಳದ್ದು 2.2ರಿಂದ 2.5. ಫೇರ್‌ವೇ ಡ್ರೈವರುಗಳ ಸ್ಪೀಡ್ 6ರಿಂದ 9, ಅಂಚು ಸುಮಾರು 1.6ರಿಂದ 2 ಸೆಂಟಿಮೀಟರ್. ಪಟರಿನ ಅಂಚು ಇನ್ನೂ ಕಿರಿದಲ್ಲವೇ, ಅಲ್ಲೇಕೆ ದೊಡ್ಡ ಕೈಗೆ ಕಷ್ಟವಿಲ್ಲ ಎಂದು ಕೇಳಬಹುದು. ಪಟರ್ ಆಳವಾಗಿದೆ, ಅದನ್ನು ಅಷ್ಟು ಬಲವಾಗಿ ಬೀಸಬೇಕಾಗಿಲ್ಲ, ಬೆರಳನ್ನು ಹರಡಿ ಹಿಡಿದರೂ ನಡೆಯುತ್ತದೆ. ಡಿಸ್ಟೆನ್ಸ್ ಡ್ರೈವರಿನಲ್ಲಿ ಅಂಚು ಅಗಲವಿರುವುದರಿಂದ ಉದ್ದ ಬೆರಳು ಸುತ್ತಿಕೊಳ್ಳಲು ದಾರಿ ಉದ್ದವಿದೆ. ಫೇರ್‌ವೇ ಡ್ರೈವರಿಗೆ ಇವೆರಡೂ ಇಲ್ಲ. ಆಳ ಡಿಸ್ಟೆನ್ಸ್ ಡ್ರೈವರಿನದು, ಅಗಲ ಅದಕ್ಕಿಂತ ಕಡಿಮೆ, ಬಲ ಮಾತ್ರ ಪೂರ್ತಿ ಬೇಕು.

ಬೆರಳು ಮಡಚಿದಾಗ

ಪವರ್ ಗ್ರಿಪ್ ಎಂಬ ಹಿಡಿತದಲ್ಲಿ ಅಂಚಿನ ಹೊರಮೂಗು ಅಂಗೈಗೆ ಒತ್ತಿರುತ್ತದೆ, ಹೆಬ್ಬೆರಳು ಮೇಲೆ, ಉಳಿದ ನಾಲ್ಕು ಬೆರಳು ಅಂಚಿನ ತಳದಿಂದ ಸುತ್ತಿ ತುದಿಗಳು ಒಳಗೋಡೆಗೆ ಒತ್ತಿರುತ್ತವೆ. ಸಾಧಾರಣ ಕೈಯ ಮಧ್ಯದ ಬೆರಳು ಸುಮಾರು 8 ಸೆಂಟಿಮೀಟರ್ ಉದ್ದ. ಅದರ ತುದಿಯ ಮೆತ್ತನೆಯ ಭಾಗ ಒಳಗೋಡೆಗೆ ಸಪಾಟಾಗಿ ಕೂರುತ್ತದೆ. ಬೆರಳು ಇನ್ನೊಂದು ಸೆಂಟಿಮೀಟರ್ ಉದ್ದವಾಯಿತೆನ್ನಿ. ಆ ಹೆಚ್ಚುವರಿ ಎಲ್ಲಿಗಾದರೂ ಹೋಗಲೇಬೇಕು. ತುದಿ ಮೇಲೆ ಸರಿದು ಪ್ಲೇಟಿನ ತಳಕ್ಕೆ ಉಗುರು ತಾಗುತ್ತದೆ, ಇಲ್ಲವೇ ಗೆಣ್ಣುಗಳು ಕೆಳಗೆ ಉಬ್ಬಿ ಅಂಚು ಅಂಗೈಯಿಂದ ದೂರವಾಗುತ್ತದೆ. ಎರಡರಲ್ಲಿ ಯಾವುದಾದರೂ ಒತ್ತುವ ಕೆಲಸ ಬೆರಳ ತುದಿಯಿಂದ ತಪ್ಪಿ ಬೆರಳ ಪಕ್ಕೆಗೋ ಉಗುರಿಗೋ ಹೋಗುತ್ತದೆ. ದಪ್ಪ ಬೆರಳಾದರೆ ನಾಲ್ಕೂ ಒಂದನ್ನೊಂದು ತಳ್ಳಿಕೊಂಡು ಕಿರುಬೆರಳು ಹೊರಗೆ ಜಾರುತ್ತದೆ.

ತುಂಬಿದ ಬಕೆಟ್ಟನ್ನು ಬರೀ ತಂತಿಯ ಹಿಡಿಕೆಯಲ್ಲಿ ಎತ್ತುವುದಕ್ಕೂ ಅದೇ ತಂತಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಎತ್ತುವುದಕ್ಕೂ ಇರುವ ವ್ಯತ್ಯಾಸ ಮನೆಯಲ್ಲಿ ನೀರು ಹೊತ್ತವರಿಗೆಲ್ಲ ಗೊತ್ತು. ಬೆರಳು ತೀರ ಒಳಮಡಚಿದಾಗ ಅದನ್ನು ಎಳೆಯುವ ಮುಂಗೈಯ ಸ್ನಾಯುಗಳು ಆಗಲೇ ಕುಗ್ಗಿ ಮುಗಿದಿರುತ್ತವೆ, ಮತ್ತೆ ಬಲ ಹಾಕಲು ಅವುಗಳಲ್ಲಿ ಉಳಿಕೆ ಇರುವುದಿಲ್ಲ. ಮುಷ್ಟಿಬಲ ಅಳೆಯಲು ಫಿಸಿಯೊಥೆರಪಿಸ್ಟರು ಬಳಸುವ ಜಮಾರ್ ಉಪಕರಣದ ಹಿಡಿಕೆಯನ್ನು ಐದು ಅಗಲಗಳಿಗೆ ಹೊಂದಿಸಬಹುದು. ತೀರ ಕಿರಿದಾದ ಮೊದಲ ಅಗಲದಲ್ಲಿ ಬಲ ಕಡಿಮೆ ಬರುತ್ತದೆ, ಎರಡು–ಮೂರನೆಯದರಲ್ಲಿ ಏರುತ್ತದೆ, ಆಮೇಲೆ ಮತ್ತೆ ಇಳಿಯುತ್ತದೆ. ಕೈ ದೊಡ್ಡದಾದಷ್ಟೂ ಅದಕ್ಕೆ ಒಪ್ಪುವ ಅಗಲವೂ ದೊಡ್ಡದು. ದೊಡ್ಡ ಕೈಯವರು ಕಿರಿದಾದ ಅಂಚನ್ನು ಬಿಗಿಯಾಗಿ ಹಿಡಿಯಲು ಹೆಣಗಿದಾಗ ಮುಂಗೈ ಪೂರ್ತಿ ಸೆಟೆದುಕೊಳ್ಳುವುದು, ಮಣಿಕಟ್ಟು ಸಡಿಲವಾಗಿ ಆಡದಿರುವುದು ಇದರಿಂದಲೇ. ಬಿಡುವುದು ತಡವಾದರೆ ಡಿಸ್ಕ್ ಬಲಕ್ಕೆ, ಮುಂಚೆಯೇ ಜಾರಿದರೆ ಎಡಕ್ಕೆ.

ದೊಡ್ಡ ಕೈ ಎಂದರೆ ಎಷ್ಟು ದೊಡ್ಡದು? ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ತನ್ನ ಆಯ್ಕೆ ಶಿಬಿರದಲ್ಲಿ ಆಟಗಾರರ ಗೇಣನ್ನೇ ಅಳೆಯುತ್ತದೆ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಗೇಣು ಒಂಬತ್ತು ಇಂಚಿಗೆ, ಅಂದರೆ ಸುಮಾರು 23 ಸೆಂಟಿಮೀಟರಿಗೆ ಕಡಿಮೆಯಾದರೆ ಅದೇ ಸುದ್ದಿ. 2022ರಲ್ಲಿ ಕ್ವಾರ್ಟರ್‌ಬ್ಯಾಕ್ ಕೆನ್ನಿ ಪಿಕೆಟ್‌ನ ಗೇಣು ಎಂಟೂವರೆ ಇಂಚು ಎಂದು ಗೊತ್ತಾದಾಗ ಅವನ ಆಟಕ್ಕಿಂತ ಅವನ ಕೈಯ ಚರ್ಚೆಯೇ ಜೋರಾಗಿತ್ತು. ಡಿಸ್ಕ್ ಗಾಲ್ಫಿಗೆ ಗೇಣಿಗಿಂತ ಹೆಚ್ಚು ಹೇಳುವುದು ಮಧ್ಯದ ಬೆರಳಿನ ಉದ್ದ ಮತ್ತು ಬೆರಳ ತುದಿಯ ದಪ್ಪ. ಬುಡದ ಗೆರೆಯಿಂದ ತುದಿಗೆ ಅಳೆದು ಒಂಬತ್ತು ಸೆಂಟಿಮೀಟರ್ ಮುಟ್ಟಿದರೆ ಅಂಥವರು ಅಂಚಿನ ಅಳತೆ ನೋಡದೆ ಡಿಸ್ಕ್ ಕೊಳ್ಳಬಾರದು.

ಬೆಟ್ಟದ ಮೇಲೊಂದು ಪಾಠ

ಸಾಂತಾ ಕ್ರೂಜ್‌ನ ಡೆಲವಿಯಾಗ ಕೋರ್ಸ್ ಈ ಆಟದವರಿಗೆ ಯಾತ್ರಾಸ್ಥಳವಿದ್ದಂತೆ. ಓಕ್ ಮರಗಳ ನಡುವೆ ಏರಿಳಿಯುವ ದಾರಿ, 27ನೇ ಹೋಲಿಗೆ ಬಂದರೆ ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಎಸೆತ. ಅದಕ್ಕೆ ‘ಟಾಪ್ ಆಫ್ ದ ವರ್ಲ್ಡ್’ ಎಂದೇ ಹೆಸರು. ನನ್ನ ಅಕ್ಕನ ಮಗ ಅಲ್ಲಿ ಆಡುವುದನ್ನು ನೋಡಲು ಸಿಕ್ಕಿತು. ಆರಡಿ ದಾಟಿದ ಆಳು, ಕೈಯೂ ಅದಕ್ಕೆ ತಕ್ಕಂತೆ. ಮಿಡ್‌ರೇಂಜ್ ಎಸೆದರೆ ದಾರಕಟ್ಟಿದ ಹಾಗೆ ನೆಟ್ಟಗೆ ಹೋಗುತ್ತದೆ, ಫೇರ್‌ವೇ ಡ್ರೈವರ್ ತೆಗೆದರೆ ಮರ ಹುಡುಕಿಕೊಂಡು ಹೋಗುತ್ತದೆ.

‘ಮಾಮ, ಇದನ್ನ ಹಿಡಿದ್ರೆ ಬೆರಳು ಎಲ್ಲಿಡಬೇಕೋ ಗೊತ್ತಾಗಲ್ಲ. ಕಾಗದ ಹಿಡಿದ ಹಾಗಾಗುತ್ತೆ’ ಎಂದ.

‘ಎಲ್ಲಿ, ತಿರುಗಿಸಿ ತೋರ್ಸು ಮಾರಾಯ’ ಎಂದೆ.

ಅಂಗೈ ಮೇಲಾಗಿ ತೋರಿಸಿದ. ಡಿಸ್ಕಿನ ತಳದಲ್ಲಿ ನಾಲ್ಕು ಗೆಣ್ಣುಗಳು ಗುಡ್ಡದ ಸಾಲಿನಂತೆ ಎದ್ದು ನಿಂತಿದ್ದವು. ತೋರುಬೆರಳ ಉಗುರಿನ ತುದಿ ಪ್ಲೇಟಿಗೆ ಒತ್ತಿ ಬೆಳ್ಳಗಾಗಿತ್ತು. ಕಿರುಬೆರಳು ಉಂಗುರದ ಬೆರಳ ಮೇಲೆ ಹತ್ತಿ ಕೂತಿತ್ತು. ಅಂಚಿನ ಮೂಗಿಗೂ ಅಂಗೈಗೂ ನಡುವೆ ಬೆಳಕು ಕಾಣುತ್ತಿತ್ತು. ಅಂಚನ್ನು ಅಂಗೈಯ ಆಳದ ಗೆರೆಯಿಂದ ಬೆರಳ ಬುಡದ ಕಡೆಗೆ ಒಂದಿಷ್ಟು ಸರಿಸಿದ, ಕಿರುಬೆರಳನ್ನು ಹೊರಗೆ ಬಿಟ್ಟ. ಗೆಣ್ಣುಗಳು ತಗ್ಗಿದವು, ಉಗುರು ಪ್ಲೇಟನ್ನು ಬಿಟ್ಟಿತು. ಆಮೇಲೆ ಜೊತೆಗಾರನ ಚೀಲದಿಂದ ಒಂಬತ್ತರ ಸ್ಪೀಡಿನ ಡಿಸ್ಕೊಂದನ್ನು ಎರವಲು ಪಡೆದು ಎಸೆದ. ಅದು ಬಹಳ ದೂರ ಹೋಯಿತೆಂದೇನೂ ಅಲ್ಲ, ತೊನೆಯದೆ ಹೋಯಿತು. ದೂರ ಆಮೇಲಿನ ಮಾತು.

ಹೆಚ್ಚಿನ ವೇಗವೇ ಉತ್ತರವೇ?

ಇಲ್ಲಿಗೆ ಬಂದವರಿಗೆ ಸುಲಭದ ತೀರ್ಮಾನವೊಂದು ಎದುರಾಗುತ್ತದೆ: ಅಗಲ ಅಂಚು ಬೇಕಲ್ಲ, ಹಾಗಾದರೆ ನೇರವಾಗಿ 12ರ ಸ್ಪೀಡಿನ ಡೆಸ್ಟ್ರಾಯರನ್ನೇ ಕೊಂಡರಾಯಿತು. ಕೈಗೆ ಅದು ಹಿತವಾಗಿಯೇ ಕೂರುತ್ತದೆ. ತೊಂದರೆ ತೋಳಿನದು. ಆ ಡಿಸ್ಕ್ ಬೇಡುವ ವೇಗ ತೋಳಿನಲ್ಲಿ ಇಲ್ಲದಿದ್ದರೆ ಟರ್ನ್ ಎಂಬ ಘಟ್ಟವೇ ಬರುವುದಿಲ್ಲ, ಹೊರಟ ಸ್ವಲ್ಪ ಹೊತ್ತಿಗೆ ಎಡಕ್ಕೆ ಜಗ್ಗಿಕೊಂಡು ನೆಲಕ್ಕೆ ಬೀಳುತ್ತದೆ. ಅದೇ ತೋಳು ಫೇರ್‌ವೇ ಡ್ರೈವರನ್ನು ಅದಕ್ಕಿಂತ ದೂರವೂ ನೇರವೂ ಕಳಿಸಬಲ್ಲದು. 2016ರ ಮಾರ್ಚಿನಲ್ಲಿ ನೆವಾಡಾದ ಪ್ರಿಮ್ ಎಂಬಲ್ಲಿ ಡೇವಿಡ್ ವಿಗ್ಗಿನ್ಸ್ ಜೂನಿಯರ್ ಬೆನ್ನಗಾಳಿಯ ನೆರವಿನಲ್ಲಿ 338 ಮೀಟರ್ ಎಸೆದ. ಅಂಥವರ ತೋಳಿಗೆ ಹೊಂದುವ ಡಿಸ್ಕನ್ನು ಕೈ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಹೊಸಬರು ಹಿಡಿದುಕೊಂಡರೆ ಪ್ರಯೋಜನವಿಲ್ಲ.

ಕೈಗೆ ಅಂಚು, ತೋಳಿಗೆ ವೇಗ. ಇವೆರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಎರಡೂ ಒಪ್ಪುವ ಜಾಗದಲ್ಲಿ ನಿಲ್ಲಬೇಕು. ಫೇರ್‌ವೇ ಡ್ರೈವರುಗಳ ಬಳಗದಲ್ಲೇ ಅಂಥ ಜಾಗವಿದೆ, ಅದು ಮೇಲ್ತುದಿಯ ಒಂಬತ್ತರ ಸ್ಪೀಡ್. ಆರು–ಏಳರ ಸ್ಪೀಡಿನ ಅಂಚಿಗಿಂತ ಇವುಗಳದ್ದು ಒಂದೆರಡು ಮಿಲಿಮೀಟರ್ ಅಗಲ. ಕಾಗದದ ಮೇಲೆ ಏನೂ ಅಲ್ಲದ ಈ ವ್ಯತ್ಯಾಸ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ.

ಅದೃಷ್ಟವಶಾತ್ ಹೆಸರಾದ ಏಳರ ಡಿಸ್ಕ್‌ಗಳಿಗೆ ಒಂಬತ್ತರಲ್ಲಿ ಅಣ್ಣಂದಿರಿದ್ದಾರೆ. ಟೀಬರ್ಡಿನ ನೆಟ್ಟನೆ ಓಟ ಇಷ್ಟವಿದ್ದು ಅದರ ಅಂಚು ಒಗ್ಗದವರಿಗೆ ಇನ್ನೋವಾದ್ದೇ ಥಂಡರ್‌ಬರ್ಡ್ ಇದೆ: 9, 5, 0, 2. ಸ್ಪೀಡ್ ಬಿಟ್ಟರೆ ಉಳಿದ ಮೂರೂ ಅಂಕಿ ಅವೇ. ಸ್ವೀಡನ್ನಿನ ಲ್ಯಾಟಿಟ್ಯೂಡ್ 64 ಕಂಪನಿಯ ರಿವರ್ ತೇಲುವುದರಲ್ಲಿ ಹೆಸರುವಾಸಿ: 7, 7, -1, 1. ಅದೇ ಕಂಪನಿಯ ಸೇಂಟ್ 9, 7, -1, 2. ಅದೇ ತೇಲುವ ಗುಣ, ಕೊನೆಯಲ್ಲಿ ಮಾತ್ರ ತುಸು ಹೆಚ್ಚು ಎಡಕ್ಕೆ. ಮತ್ತೆ ಇನ್ನೋವಾಕ್ಕೆ ಬಂದರೆ, ಇಂದಿನ ಈಗಲ್ 7, 4, -1, 3 ಎಂದಿದ್ದರೆ, ಎದುರುಗಾಳಿಗೆ ಜಗ್ಗದೆ ಎಡಕ್ಕೆ ಬಾಗುವುದೇ ಬೇಕೆನ್ನುವವರಿಗೆ ಫೈರ್‌ಬರ್ಡ್ 9, 3, 0, 4. ಇದರ ಮೈ ಚಪ್ಪಟೆ, ಫೋರ್‌ಹ್ಯಾಂಡಿಗೆ, ಅಂದರೆ ಮೈಯ ಪಕ್ಕದಿಂದ ಮುಂದಕ್ಕೆ ಬೀಸುವ ಎಸೆತಕ್ಕೆ, ಬಹಳ ಜನ ಇದನ್ನೇ ನೆಚ್ಚುತ್ತಾರೆ.

ಕೈ ದೊಡ್ಡದಿದ್ದು ತೋಳಿನ ವೇಗ ಇನ್ನೂ ಬರಬೇಕಾದವರ ಸಂಗತಿ ಸ್ವಲ್ಪ ಸೂಕ್ಷ್ಮ. ಅವರ ಕೈಯಲ್ಲಿ ಥಂಡರ್‌ಬರ್ಡ್ ಬೇಡಿದ ವೇಗ ಸಿಗದೆ, ಬರೆದಿದ್ದಕ್ಕಿಂತ ಹೆಚ್ಚು ಎಡಕ್ಕೆ ಎಳೆಯುತ್ತದೆ. ಇಂಥವರು ಸ್ಪೀಡ್ ಏರಿಸಿಕೊಂಡಷ್ಟೂ ಟರ್ನ್ ಅಂಕಿಯನ್ನು ಕೆಳಗಿಳಿಸಿಕೊಳ್ಳಬೇಕು. ಲೆಪರ್ಡ್ 6, 5, -2, 1 ಆಗಿ ಹೊಸಬರಿಗೆಲ್ಲ ಮೊದಲ ಡ್ರೈವರ್ ಎನಿಸಿಕೊಂಡಿದೆ. ಅದು ಬೆರಳಿಗೆ ಹಿಡಿಸದಿದ್ದರೆ ಸೈಡ್‌ವೈಂಡರ್ 9, 5, -3, 1 ಅಥವಾ ಇನ್ನೂ ಬಲಕ್ಕೊಲೆಯುವ ರೋಡ್‌ರನ್ನರ್ 9, 5, -4, 1 ನೋಡಬಹುದು. ವೇಗದ ಕೊರತೆಯನ್ನು ಟರ್ನ್ ತುಂಬಿಕೊಡುತ್ತದೆ, ಅಂಚಿನ ಅಗಲ ಬೆರಳಿಗೆ ಜಾಗ ಕೊಡುತ್ತದೆ. ತೋಳು ಪಳಗಿ ವೇಗ ಬಂದ ಮೇಲೆ ಇವೇ ಡಿಸ್ಕ್‌ಗಳು ಬಲಕ್ಕೆ ಮಗುಚಿಕೊಳ್ಳತೊಡಗುತ್ತವೆ. ಥಂಡರ್‌ಬರ್ಡಿಗೆ ಹೋಗುವ ಹೊತ್ತು ಬಂತು ಎಂಬುದಕ್ಕೆ ಅದೇ ಸೂಚನೆ.

ಡಿಸ್ಕ್ ಬದಲಿಸುವ ಮುನ್ನ ಹಿಡಿತ

ಹೊಸ ಡಿಸ್ಕಿಗೆ ದುಡ್ಡು ಹಾಕುವ ಮೊದಲು ಇರುವ ಡಿಸ್ಕಿನಲ್ಲೇ ಮಾಡಿ ನೋಡಬಹುದಾದ್ದು ಮೂರಿದೆ. ಮೊದಲನೆಯದು ಡೆಲವಿಯಾಗದಲ್ಲಿ ಕಂಡದ್ದೇ: ಅಂಚನ್ನು ಅಂಗೈಯ ಆಳದಿಂದ ಬೆರಳ ಬುಡದತ್ತ ಸರಿಸುವುದು. ಸುತ್ತಬೇಕಾದ ಬೆರಳಿನ ಉದ್ದ ಇದರಿಂದ ಕಡಿಮೆಯಾಗುತ್ತದೆ. ಅಂಗೈಯ ಆಸರೆ ಕೊಂಚ ಕಡಿಮೆಯಾಗುವುದು ಇದಕ್ಕೆ ತೆರುವ ಬೆಲೆ.

ಎರಡನೆಯದು ಮೂರು ಬೆರಳ ಹಿಡಿತ. ತೋರು, ಮಧ್ಯ, ಉಂಗುರದ ಬೆರಳು ಒಳಗೆ, ಕಿರುಬೆರಳು ಹೊರಗೆ. ನಾಲ್ಕು ಬೆರಳಿನ ನೂಕುನುಗ್ಗಲು ತಪ್ಪಿ ಉಳಿದ ಮೂರಕ್ಕೂ ಒಳಗೋಡೆ ಸಿಗುತ್ತದೆ. ಹಿಡಿತದ ಬಲಕ್ಕೆ ಮುಖ್ಯವಾದವು ತೋರುಬೆರಳು ಮತ್ತು ಮಧ್ಯದ ಬೆರಳು, ಹಾಗಾಗಿ ಕಿರುಬೆರಳು ಹೊರಗುಳಿದರೆ ನಷ್ಟ ಹೆಚ್ಚಿಲ್ಲ.

ಮೂರನೆಯದು ಫ್ಯಾನ್ ಗ್ರಿಪ್‌ನ ಕಡೆಗೆ ಅರ್ಧ ದಾರಿ ಹೋಗುವುದು. ಪೂರ್ತಿ ಫ್ಯಾನ್ ಗ್ರಿಪ್‌ನಲ್ಲಿ ಬೆರಳುಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಪ್ಲೇಟಿನ ತಳದಲ್ಲಿ ಹರಡುತ್ತಾರೆ. ಅದು ಪಟರ್‌ಗೆ ಸರಿ, ಡ್ರೈವರಿಗೆ ಬಿಗಿ ಸಾಲದು. ತೋರುಬೆರಳನ್ನೂ ಮಧ್ಯದ ಬೆರಳನ್ನೂ ಅಂಚಿಗೇ ಒತ್ತಿಟ್ಟು, ಉಂಗುರದ ಬೆರಳನ್ನು ಮಾತ್ರ ಪ್ಲೇಟಿನ ತಳಕ್ಕೆ ಚಾಚಿದರೆ ಉದ್ದ ಬೆರಳಿನವರಿಗೆ ಹಿಡಿತವೂ ಸಿಗುತ್ತದೆ, ಡಿಸ್ಕ್ ಮೇಲೆ ಕೆಳಗೆ ಓಲಾಡುವುದೂ ಕಡಿಮೆಯಾಗುತ್ತದೆ.

ಫೋರ್‌ಹ್ಯಾಂಡಿನಲ್ಲಿ ದೊಡ್ಡ ಕೈಯವರ ಪಾಡು ಇಷ್ಟು ಬಿಗಡಾಯಿಸುವುದಿಲ್ಲ. ಅಲ್ಲಿ ಒಳಗೋಡೆಗೆ ಒತ್ತುವುದು ಮಧ್ಯದ ಬೆರಳಿನ ಮೆತ್ತನೆಯ ಬದಿ. ಬೆರಳು ನೀಳವಾಗಿಯೇ ಇರುತ್ತದೆ, ಮಡಚಿ ತುರುಕುವ ಕೆಲಸವಿಲ್ಲ. ಆಳ ಕಡಿಮೆ ಇರುವುದು ಮಾತ್ರ ಇಲ್ಲೂ ಕಾಡುತ್ತದೆ. ದಪ್ಪ ಬೆರಳು ಗೋಡೆಗೆ ಪೂರ್ತಿ ಆನದೆ ಕೆಳಗೆ ಜಾರುತ್ತದೆ. ಆದ್ದರಿಂದ ಫೋರ್‌ಹ್ಯಾಂಡಿಗೆ ಅಗಲಕ್ಕಿಂತ ಆಳ ನೋಡಿ ಆರಿಸುವುದು ಲೇಸು.

ತೂಕ ಮತ್ತು ಪ್ಲಾಸ್ಟಿಕ್

ದೊಡ್ಡ ಕೈಗೆ ಭಾರದ ಡಿಸ್ಕೇ ಬೇಕು ಎಂಬ ನಂಬಿಕೆಯೂ ಇದೆ. ತೂಕಕ್ಕೂ ಮಿತಿಯಿದೆ: ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ, ಒಟ್ಟು 200 ಗ್ರಾಂ ಮೀರುವಂತಿಲ್ಲ. 21.2 ಸೆಂಟಿಮೀಟರ್ ಡಿಸ್ಕಿಗೆ ಲೆಕ್ಕ ಹಾಕಿದರೆ 176 ಗ್ರಾಮಿಗೆ ಕೂದಲೆಳೆಯಷ್ಟು ಕಡಿಮೆ. ಡ್ರೈವರುಗಳ ಹಿಂಬದಿಯಲ್ಲಿ ಬರೆದ ತೂಕಗಳು 175ರ ಸುತ್ತಲೇ ನಿಲ್ಲುವುದು ಇದರಿಂದ. ಎಷ್ಟು ತೂಕದ್ದು ಆರಿಸಬೇಕು ಎನ್ನುವುದನ್ನು ತೋಳಿನ ವೇಗ ಮತ್ತು ಆಡುವ ಜಾಗದ ಗಾಳಿ ನಿರ್ಧರಿಸಲಿ. 165 ಗ್ರಾಮಿನ ಡಿಸ್ಕಿಗೂ 175 ಗ್ರಾಮಿನ ಡಿಸ್ಕಿಗೂ ಅಚ್ಚು ಒಂದೇ ಆದರೆ ಅಂಚಿನ ಅಳತೆಯೂ ಒಂದೇ.

ಪ್ಲಾಸ್ಟಿಕ್ ಮಾತ್ರ ಹಿಡಿತದ ಮೇಲೆ ನೇರ ಪರಿಣಾಮ ಬೀರುತ್ತದೆ. ಇನ್ನೋವಾದ ಬಗೆಗಳನ್ನೇ ತೆಗೆದುಕೊಂಡರೆ, ಡಿಎಕ್ಸ್ ಅಗ್ಗ, ಕೈಗೆ ಅಂಟುತ್ತದೆ, ಮರಕ್ಕೆ ಬಡಿದು ಬೇಗ ಸವೆಯುತ್ತದೆ. ಚಾಂಪಿಯನ್ ಅರೆಪಾರದರ್ಶಕ, ಗಟ್ಟಿ, ಬೆವರಿದ ಕೈಗೆ ಜಾರುತ್ತದೆ. ಸ್ಟಾರ್ ಎರಡರ ನಡುವೆ. ಜಿ-ಸ್ಟಾರ್ ಮೃದುವಾಗಿ ಬಾಗುತ್ತದೆ. ಬೆರಳ ತುದಿ ಒಳಗೋಡೆಗೆ ಅರ್ಧವಷ್ಟೇ ಒತ್ತುವ ಕೈಯವರಿಗೆ ಆ ಅರ್ಧವಾದರೂ ಜಾರದಂತೆ ಇರಬೇಕು, ಹಾಗಾಗಿ ಅಂಟುವ ಪ್ಲಾಸ್ಟಿಕ್ ಅವರಿಗೆ ಹೆಚ್ಚು ಉಪಕಾರಿ. ಬಿಸಿ ಪ್ಲಾಸ್ಟಿಕ್ ಅಚ್ಚಿನಲ್ಲಿ ಆರುವಾಗ ಕುಗ್ಗುವ ಪರಿಯಲ್ಲಿ ಸಣ್ಣ ವ್ಯತ್ಯಾಸವಾದರೂ ಒಂದೇ ಹೆಸರಿನ ಡಿಸ್ಕ್ ಒಮ್ಮೆ ಚಪ್ಪಟೆಯಾಗಿ, ಒಮ್ಮೆ ನಡು ಉಬ್ಬಿ ಬರುತ್ತದೆ. ನಡು ಉಬ್ಬಿದ್ದರ ತಳದಲ್ಲಿ ಬೆರಳ ತುದಿಗೆ ಒಂದಿಷ್ಟು ಹೆಚ್ಚು ಜಾಗ. ಹೆಬ್ಬೆರಳು ಮಾತ್ರ ಎತ್ತರಕ್ಕೆ ಏರಬೇಕು. ದೊಡ್ಡ ಕೈಗೆ ಅದು ಹೊರೆಯಲ್ಲ.

ಅಂಗಡಿಯಲ್ಲಿ ನಿಂತು

ಡಿಸ್ಕನ್ನು ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡುವಂತಿದ್ದರೆ, ಸುಮ್ಮನೆ ತೂಗಿ ನೋಡದೆ ಎಸೆಯುವಾಗ ಹಿಡಿಯುವಂತೆಯೇ ಬಿಗಿಯಾಗಿ ಹಿಡಿಯಿರಿ. ತಿರುಗಿಸಿ ತಳ ನೋಡಿ. ಉಗುರು ಪ್ಲೇಟಿಗೆ ತಾಗುತ್ತಿದೆಯೇ? ತುದಿಯ ಮೆತ್ತನೆಯ ಭಾಗ ಒಳಗೋಡೆಗೆ ಕೂತಿದೆಯೇ? ಅಂಚಿನ ಮೂಗಿಗೂ ಅಂಗೈಗೂ ನಡುವೆ ಸಂದಿ ಇದೆಯೇ? ಆಮೇಲೆ ಜೊತೆಗೆ ಬಂದವರಿಗೆ ಎದುರಿನ ಅಂಚನ್ನು ಹಿಡಿದು ಎಳೆಯಲು ಹೇಳಿ. ಒಳ್ಳೆಯ ಹಿಡಿತದಿಂದ ಡಿಸ್ಕ್ ಕಚ್ಚಿಕೊಂಡಿದ್ದು ಕೊನೆಗೆ ಚಟ್ಟನೆ ಬಿಡುತ್ತದೆ, ಹೊಂದದ ಹಿಡಿತದಿಂದ ಮೊದಲೇ ಓರೆಯಾಗಿ ಜಾರುತ್ತದೆ. ಕೊನೆಯದಾಗಿ, ಬಿಗಿ ಬಿಡದೆ ಮಣಿಕಟ್ಟನ್ನು ಆಚೀಚೆ ಆಡಿಸಿ. ಅದು ಆಡದಿದ್ದರೆ ಆ ಡಿಸ್ಕ್ ನಿಮ್ಮ ಕೈಯದಲ್ಲ, ಅದರ ಮೇಲಿನ ಅಂಕಿಗಳು ಎಷ್ಟೇ ಚೆಂದವಿರಲಿ.

ಹಿಡಿದು ನೋಡುವ ಅವಕಾಶ ಎಲ್ಲರಿಗೂ ಎಲ್ಲಿದೆ? ಆನ್‌ಲೈನಿನಲ್ಲಿ ತರಿಸುವವರೇ ಹೆಚ್ಚು. ಕರ್ನಾಟಕದಲ್ಲಿ ಕೂತು ಆಸೆಪಡುವವರಿಗಂತೂ ಅದೇ ದಾರಿ. ಅವರಿಗೆ ನೆರವಾಗುವ ದಾಖಲೆಯೊಂದಿದೆ. ಸ್ಪರ್ಧೆಗಳಲ್ಲಿ ಬಳಸಲು ಒಪ್ಪಿಗೆ ಪಡೆದ ಪ್ರತಿ ಡಿಸ್ಕಿನ ವ್ಯಾಸ, ಎತ್ತರ, ಅಂಚಿನ ಅಗಲ, ಆಳ, ಗರಿಷ್ಠ ತೂಕಗಳನ್ನು ಪಿಡಿಜಿಎ ತನ್ನ ಪಟ್ಟಿಯಲ್ಲಿ ಪ್ರಕಟಿಸುತ್ತದೆ. ಈಗಾಗಲೇ ಕೈಗೆ ಒಪ್ಪಿರುವ ಡಿಸ್ಕೊಂದು, ಅದು ಯಾವ ಜಾತಿಯದೇ ಆಗಿರಲಿ, ಇದ್ದರೆ ಅದರ ಅಗಲ, ಆಳಗಳನ್ನು ಆ ಪಟ್ಟಿಯಲ್ಲಿ ನೋಡಿಕೊಂಡು, ಅದಕ್ಕೆ ಹತ್ತಿರವಾದ ಫೇರ್‌ವೇ ಡ್ರೈವರನ್ನು ಹುಡುಕುವುದು ಕುರುಡಾಗಿ ಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಒಮ್ಮೆಗೆ ಒಂದೇ ಕೊಂಡು, ಅದು ಕೈಗೆ ಪಳಗಿದ ಮೇಲೆ ಇನ್ನೊಂದರ ಮಾತು.

ಡಿಸ್ಕಿನ ಮೇಲೆ ನಾಲ್ಕು ಅಂಕಿ ಒತ್ತಲು ಜಾಗವಿರುವಾಗ ಇನ್ನೆರಡಕ್ಕೆ ಜಾಗ ಸಾಲದೇನೂ ಅಲ್ಲ. ಅಂಚಿನ ಅಗಲ, ಆಳಗಳು ಅಚ್ಚು ಮಾಡಿದ ಕಂಪನಿಗೆ ಗೊತ್ತು, ಅಳೆದು ಒಪ್ಪಿಗೆ ಕೊಟ್ಟ ಸಂಸ್ಥೆಗೂ ಗೊತ್ತು. ಡಿಸ್ಕನ್ನಷ್ಟೇ ನೋಡಿ ಗೊತ್ತಾಗದಿರುವುದು ಹಿಡಿಯಬೇಕಾದವರಿಗೆ ಮಾತ್ರ. ಗಾಳಿಯಲ್ಲಿ ಡಿಸ್ಕ್ ಏನು ಮಾಡುತ್ತದೆ ಎಂಬುದರ ಪಕ್ಕದಲ್ಲೇ ಕೈಯಲ್ಲಿ ಅದು ಹೇಗೆ ಕೂರುತ್ತದೆ ಎಂಬುದನ್ನೂ ಒತ್ತುವ ದಿನ ಬಂದರೆ ದೊಡ್ಡ ಕೈಯವರಿಗೂ ಸಣ್ಣ ಕೈಯವರಿಗೂ ಒಟ್ಟಿಗೇ ಉಪಕಾರವಾಗುತ್ತದೆ. ಅಲ್ಲಿಯವರೆಗೆ ಅಂಗಡಿಗೆ ಹೊರಡುವ ಮುನ್ನ ಮಧ್ಯದ ಬೆರಳಿಗೊಂದು ಸ್ಕೇಲ್ ಹಿಡಿದು, ಆ ಪಟ್ಟಿಯನ್ನೊಮ್ಮೆ ತೆರೆದು ನೋಡುವ ಕೆಲಸ ಆಟಗಾರರದ್ದೇ.